ಒಂದೇ ಅಳತೆಯ ಪೆಟ್ಟಿಗೆಗಳಿಂದ ಓದುವ ಕೋಣೆ: ಸಂದು, ಉಳಿದ ಜಾಗ, ಗೋಡೆಯ ಫಲಕ ಹೊಂದಿಸುವುದು ಹೇಗೆ?

ಚೌಕಮನೆ:

ಎಲ್ಲರಿಗೂ ನಮಸ್ಕಾರ. ಮಕ್ಕಳಿಗಾಗಿ ಒಂದು ಓದುವ ಕೋಣೆ ಮಾಡುತ್ತಿದ್ದೇವೆ. ಕಪಾಟು, ಕೂರುವ ಜಾಗ, ಮೇಜು, ಕೋಣೆಯನ್ನು ಎರಡು ಭಾಗ ಮಾಡುವ ಗಿಡ್ಡ ಸಾಲು, ಎಲ್ಲವೂ ಒಂದೇ ಬಗೆಯ ಪ್ಲೈವುಡ್ ಪೆಟ್ಟಿಗೆಗಳಿಂದಲೇ ಆಗಬೇಕು ಅನ್ನುವುದು ಆಸೆ. ಬೇಡ ಅನ್ನಿಸಿದಾಗ ಬಿಚ್ಚಿ ಬೇರೆ ಥರ ಜೋಡಿಸಬಹುದು ಅಲ್ವಾ, ಅದಕ್ಕೆ. ಗೋಡೆಗೆ ಎ1 ಹಾಳೆಯ ಅಳತೆಯ ಮಾಹಿತಿ ಫಲಕಗಳು ಬರುತ್ತವೆ. ಅವೂ ಕೋಣೆಯ ಜೊತೆ ಒಂದೇ ಲೆಕ್ಕದಲ್ಲಿ ಕೂರಬೇಕು.

ಅಳತೆಗಳು ಹೀಗಿವೆ, ಎಲ್ಲಾ ಮಿಲಿಮೀಟರ್‌ನಲ್ಲಿ. ಪೆಟ್ಟಿಗೆ 600 ಅಗಲ, 300 ಎತ್ತರ, 300 ಆಳ. ಪ್ಲೈ 18 ದಪ್ಪ. ಕೋಣೆ ನಕ್ಷೆಯಲ್ಲಿ 7200 ಉದ್ದ, 4800 ಅಗಲ. ಉದ್ದದ ಗೋಡೆಗೆ 12 ಪೆಟ್ಟಿಗೆ ಸರಿಯಾಗಿ ಬರುತ್ತಿತ್ತು. ಗಾರೆ ಮುಗಿದ ಮೇಲೆ ಅಳೆದರೆ ಉದ್ದ 7140, ಅಗಲ 4740. ಈಗ 7140ನ್ನು 12ರಿಂದ ಭಾಗಿಸಿದರೆ ಸರಿಯಾಗಿ 595 ಬರುತ್ತದೆ. ಪೆಟ್ಟಿಗೆಯನ್ನೇ 595 ಮಾಡಿಬಿಡೋಣ ಅಂತ ಜೊತೆಯವರು ಹೇಳುತ್ತಿದ್ದಾರೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ, ಬೇಡ ಅನ್ನುವುದಕ್ಕೆ ಗಟ್ಟಿ ಕಾರಣವೂ ಹೊಳೆಯುತ್ತಿಲ್ಲ.

ಇನ್ನೊಂದು ತೊಂದರೆ ಇದೆ. ಗೋಡೆಯನ್ನು ಎದುರಿನಿಂದ ನೋಡಿದಂತೆ ಬಿಡಿಸಿದರೆ ಗೋದಾಮಿನ ಹಾಗೆ ಕಾಣುತ್ತದೆ. ಅದೇ ಚೌಕ, ಮತ್ತೆ ಅದೇ ಚೌಕ, ಕಣ್ಣು ಎಲ್ಲೂ ನಿಲ್ಲುವುದಿಲ್ಲ. ಸುಮ್ನೆ ಬಣ್ಣ ಬಳಿದರೆ ಇದು ಸರಿಹೋಗುತ್ತದೆ ಅಂತ ನಂಬಿಕೆ ಇಲ್ಲ. ಫಲಕಗಳಲ್ಲೂ ಅದೇ ಕಥೆ, ಚಿತ್ರಕ್ಕೊಂದು ಚೌಕ, ಬರಹಕ್ಕೊಂದು ಚೌಕ. ಅಳತೆಯ ಶಿಸ್ತು ಬಿಡದೆ ಜೀವ ತುಂಬುವುದು ಹೇಗೆ? ಕೆಲಸ ಮಾಡಿದವರು ಹೇಳಿ.

ಗಾರೆಗೂಡು:

595 ಬೇಡವೇ ಬೇಡ. ನಿಮ್ಮ ಮನಸ್ಸು ಹೇಳಿದ್ದು ಸರಿಯಾಗಿದೆ.

12 ಪೆಟ್ಟಿಗೆಗಳಲ್ಲಿ ಒಂದೊಂದೂ ಅರ್ಧ ಮಿಲಿಮೀಟರ್ ದೊಡ್ಡದಾದರೂ ಕೊನೆಗೆ 6 ಜಾಸ್ತಿ ಆಗುತ್ತದೆ, ಹನ್ನೆರಡನೆಯದು ಒಳಗೆ ಹೋಗುವುದಿಲ್ಲ. ಗೋಡೆಯೂ ಮೇಲಿಂದ ಕೆಳಗೆ ಒಂದೇ ಅಳತೆಯಲ್ಲಿ ಇರುವುದಿಲ್ಲ. ನೆಲದ ಹತ್ತಿರ 7140 ಇದ್ದದ್ದು ಎದೆಮಟ್ಟದಲ್ಲಿ ಕೆಲವು ಮಿಲಿಮೀಟರ್ ಕಡಿಮೆ ಇರಬಹುದು. ಎರಡು ಗೋಡೆಗಳ ನಡುವೆ ಬಿಗಿಯಾಗಿ ತುಂಬುವ ಲೆಕ್ಕ ಕಾಗದದ ಮೇಲೆ ಮಾತ್ರ ಸರಿ. ಅದಕ್ಕಿಂತ ದೊಡ್ಡ ಮಾತು ಅಂದರೆ 595 ಆ ಒಂದೇ ಗೋಡೆಯ ಅಳತೆ. ನಾಳೆ ಪೆಟ್ಟಿಗೆಯನ್ನು ಬೇರೆ ಕಡೆ ಒಯ್ದರೆ ಆ ಸಂಖ್ಯೆಯಿಂದ ಏನೂ ಉಪಯೋಗ ಇಲ್ಲ. 600ನ್ನು 2, 3, 4, 5, 6 ಎಲ್ಲದರಿಂದಲೂ ಭಾಗಿಸಬಹುದು. 595ನ್ನು ಅರ್ಧ ಮಾಡುವುದಕ್ಕೂ ಆಗುವುದಿಲ್ಲ.

ನನ್ನ ಪ್ರಕಾರ ಮೊದಲು ತೀರ್ಮಾನ ಮಾಡಬೇಕಾದದ್ದು ಪೆಟ್ಟಿಗೆಯ ಅಳತೆ ಅಲ್ಲ. ಎರಡು ಪೆಟ್ಟಿಗೆಗಳ ನಡುವಿನ ಸಂದು. ಇಟ್ಟಿಗೆ ನೋಡಿ. ಮಾಡ್ಯುಲರ್ ಇಟ್ಟಿಗೆ ಅಂತ ಕರೆಯುವುದರ ಅಳತೆ 190 × 90 × 90. 10 ಗಾರೆ ಸೇರಿದಾಗ 200 × 100 × 100. ಗೋಡೆಯ ಲೆಕ್ಕ 200ರಲ್ಲಿ ನಡೆಯುತ್ತದೆ, ಇಟ್ಟಿಗೆ ತಯಾರಾಗುವುದು 190ಕ್ಕೆ. ಲೆಗೊ ಆಟಿಕೆಯಲ್ಲೂ ಇದೇ ಉಪಾಯ. ಮೇಲಿನ ಗುಂಡಿಯಿಂದ ಗುಂಡಿಗೆ 8, ಆದರೆ ಒಂದು ಗುಂಡಿಯ ತುಂಡಿನ ಅಗಲ 7.8. ಆ 0.2 ಬಿಡದಿದ್ದರೆ ಅಕ್ಕಪಕ್ಕ ಕೂರಿಸಿದ ತುಂಡುಗಳು ಒಂದನ್ನೊಂದು ತಳ್ಳುತ್ತವೆ. ಹಡಗಿನ ಕಂಟೇನರ್ ಇನ್ನೂ ಚೆನ್ನಾಗಿದೆ. 20 ಅಡಿಯದ್ದು ಅಂತ ಕರೆಯುತ್ತೇವೆ, ಅಳೆದರೆ 6058. ಎರಡು ಸೇರಿದರೆ 12116. 40 ಅಡಿಯದ್ದು 12192. ನಡುವಿನ 76 ಪೂರ್ತಿ ಸಂದಿಗೆ ಬಿಟ್ಟ ಜಾಗ. ಆ 76 ಇರುವುದರಿಂದಲೇ ಎರಡು ಚಿಕ್ಕದರ ಮೇಲೆ ಒಂದು ದೊಡ್ಡದು ಮೂಲೆಗೆ ಮೂಲೆ ಸರಿಯಾಗಿ ಕೂರುತ್ತದೆ.

ಹಾಗಾಗಿ ನಿಮ್ಮ ಹೆಜ್ಜೆ, ಅಂದರೆ ಒಂದು ಪೆಟ್ಟಿಗೆಯ ಅಂಚಿನಿಂದ ಮುಂದಿನದರ ಅದೇ ಅಂಚಿಗೆ ಇರುವ ದೂರ, 600 ಇರಲಿ, ಪೆಟ್ಟಿಗೆ 598 ಆಗಲಿ. 11 ಹೆಜ್ಜೆಗೆ 6600. ಗೋಡೆಯಲ್ಲಿ 540 ಉಳಿಯುತ್ತದೆ. ಇದನ್ನು ಎರಡು ಕಡೆ 270, 270 ಅಂತ ಹಂಚುವುದು ಎಲ್ಲರಿಗೂ ಮೊದಲು ಹೊಳೆಯುತ್ತದೆ. ದಯವಿಟ್ಟು ಮಾಡಬೇಡಿ. 270ರ ಸಂದಿನಲ್ಲಿ ಏನೂ ಇಡುವುದಕ್ಕಾಗುವುದಿಲ್ಲ, ಕಸ ಸೇರುತ್ತದೆ. 540 ಒಂದೇ ಕಡೆ ಇದ್ದರೆ ಅದು ಜಾಗ. ಕಿಟಕಿಯ ಪಕ್ಕಕ್ಕೆ ಬಿಡಿ, ಕೆಳಗೊಂದು ದಿಂಬು ಹಾಕಿ, ಒಂದು ಮಗು ಗೋಡೆಗೂ ಪೆಟ್ಟಿಗೆಗೂ ನಡುವೆ ಕೂತು ಓದುತ್ತದೆ. ಇಡೀ ಕೋಣೆಯಲ್ಲಿ ಮಕ್ಕಳಿಗೆ ಜಾಸ್ತಿ ಇಷ್ಟವಾಗುವ ಮೂಲೆ ಅದೇ ಆಗಬಹುದು.

ಇನ್ನು ಎತ್ತರದ ವಿಷಯ, ಇದು ತುಂಬ ಮುಖ್ಯ. 300 ಎತ್ತರದ ಪೆಟ್ಟಿಗೆಯಲ್ಲಿ ಮೇಲೆ 18, ಕೆಳಗೆ 18 ಹೋದರೆ ಒಳಗೆ ಉಳಿಯುವುದು 264. ಎ4 ಅಳತೆಯ ಪುಸ್ತಕ 297 ಎತ್ತರ. ನಿಲ್ಲುವುದೇ ಇಲ್ಲ! ಮಕ್ಕಳ ಚಿತ್ರಪುಸ್ತಕಗಳಲ್ಲಿ ಆ ಅಳತೆಯವು ಬೇಕಾದಷ್ಟು ಇರುತ್ತವೆ. ಎತ್ತರವನ್ನು 350 ಮಾಡಿ. ಒಳಗೆ 314 ಸಿಗುತ್ತದೆ, ಪುಸ್ತಕ ನಿಲ್ಲಿಸಿದ ಮೇಲೂ ಬೆರಳು ಹಾಕಿ ಎಳೆಯುವಷ್ಟು ಜಾಗ ಇರುತ್ತದೆ. ಒಂದು ಪೆಟ್ಟಿಗೆ 350 ಅಂದರೆ ಮಕ್ಕಳು ಕೂರುವ ಎತ್ತರ. ಎರಡು ಸೇರಿ 700, ಮೇಜಿನ ಎತ್ತರ. ಮೂರು 1050, ಕೋಣೆ ಭಾಗ ಮಾಡುವ ಸಾಲು. ಒಂದೇ ಸಂಖ್ಯೆಯಿಂದ ಮೂರು ಕೆಲಸ.

ಹಲಗೆಯ ಲೆಕ್ಕವನ್ನೂ ಮಾಡಿ ನೋಡಿದೆ. 1220 × 2440ರ ಹಾಳೆಯಿಂದ 300 ಅಗಲದ ನಾಲ್ಕು ಪಟ್ಟಿ ಬರುತ್ತವೆ, ಗರಗಸ ತಿನ್ನುವ 3, 4 ಮಿಲಿಮೀಟರ್ ಕಳೆದರೂ ಸಾಕು. ಒಂದು ಪಟ್ಟಿಯಲ್ಲಿ 598ರ ನಾಲ್ಕು ಮೇಲು-ತಳ ಹಲಗೆಗಳು, ಅಥವಾ 314ರ ಏಳು ಪಕ್ಕದ ಹಲಗೆಗಳು. ಪೋಲಾಗುವುದು ಕಡಿಮೆ.

ಒಳಅಳತೆ:

ಗಾರೆಗೂಡು ಅವರು ಸಂದಿನ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಅಳತೆ ಎಲ್ಲಿಂದ ಎಲ್ಲಿಗೆ ಅನ್ನುವುದನ್ನು ಇನ್ನೂ ಸ್ವಲ್ಪ ಯೋಚಿಸಬೇಕು. ಜಪಾನಿನ ತತಾಮಿ ಚಾಪೆಗಳಲ್ಲಿ ಇದಕ್ಕೆ ಎರಡು ದಾರಿಗಳಿವೆ. ಕ್ಯೋಟೊ ಕಡೆಯ ಪದ್ಧತಿಯಲ್ಲಿ ಚಾಪೆಯ ಅಳತೆ ಖಚಿತ, ಕೋಣೆಯ ಒಳಗಿನ ಅಳತೆ ಅದನ್ನು ನೋಡಿಕೊಂಡು ಬರುತ್ತದೆ, ಕಂಬಗಳು ಆಚೆ ಸರಿಯುತ್ತವೆ. ಎಡೊ (ಈಗಿನ ಟೋಕಿಯೊ) ಕಡೆಯ ಪದ್ಧತಿಯಲ್ಲಿ ಕಂಬದ ನಡುವಿನಿಂದ ಇನ್ನೊಂದು ಕಂಬದ ನಡುವಿಗೆ ಅಳತೆ ಖಚಿತ, ಚಾಪೆಯನ್ನು ಸಿಕ್ಕ ಜಾಗಕ್ಕೆ ಹೊಂದಿಸಿ ಮಾಡುತ್ತಾರೆ. ಮೊದಲನೆಯದರಲ್ಲಿ ಚಾಪೆಯನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಎರಡನೆಯದರಲ್ಲಿ ಮನೆ ಕಟ್ಟುವವರ ಕೆಲಸ ಸಲೀಸು. ಎರಡೂ ಒಟ್ಟಿಗೆ ಸಿಗುವುದಿಲ್ಲ. ನಿಮ್ಮ ಪೆಟ್ಟಿಗೆ ಜಾಗ ಬದಲಿಸುವಂಥದ್ದು, ಹಾಗಾಗಿ ಮೊದಲನೆಯ ದಾರಿಯೇ ನಿಮ್ಮದು.

ದಪ್ಪಕ್ಕೂ ಗ್ರಿಡ್‌ನಲ್ಲಿ, ಅಂದರೆ ಅಳತೆಗೆ ಹಾಕಿಕೊಳ್ಳುವ ಗೆರೆಗಳ ಚೌಕುಳಿಯಲ್ಲಿ, ಜಾಗ ಕೊಡಬಹುದು. 1960ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ಎನ್. ಜಾನ್ ಹಬ್ರಾಕೆನ್ ಅವರ ತಂಡ 10 ಸೆಂಟಿಮೀಟರ್, 20 ಸೆಂಟಿಮೀಟರ್ ಪಟ್ಟಿಗಳು ಒಂದಾದ ಮೇಲೊಂದು ಬರುವ ಗ್ರಿಡ್ ಬಳಸಿತು. ಗೋಡೆ, ಕಂಬದಂಥ ದಪ್ಪದ ವಸ್ತುಗಳು ಎಲ್ಲಿ ಮುಗಿಯಬೇಕು ಅನ್ನುವುದು ಆ ಪಟ್ಟಿಗಳಿಂದ ತಿಳಿಯುತ್ತದೆ, ಅವು ಪಕ್ಕದವರ ಜಾಗಕ್ಕೆ ನುಗ್ಗುವುದಿಲ್ಲ. ಬರೀ ಗೆರೆಗಳ ಗ್ರಿಡ್‌ನಲ್ಲಿ ಗೆರೆಗೆ ದಪ್ಪವೇ ಇಲ್ಲ, ಪ್ಲೈಗೆ ಇದೆ. ನಕ್ಷೆಗೂ ನಿಜಕ್ಕೂ ಜಗಳ ಶುರುವಾಗುವುದು ಅಲ್ಲೇ.

ನನಗೆ ಜಾಸ್ತಿ ಚಿಂತೆ ಇರುವುದು "ಬಿಚ್ಚಿ ಬೇರೆ ಥರ ಜೋಡಿಸಬಹುದು" ಅನ್ನುವ ಮಾತಿನ ಬಗ್ಗೆ. ಬ್ಲಾಕ್‌ಗಳಿಂದ ಮಾಡಿದ್ದೆಲ್ಲ ಬಿಚ್ಚಲು ಬರುತ್ತದೆ ಅಂತ ಅಂದುಕೊಳ್ಳಬಾರದು. ಟೋಕಿಯೊದ ನಕಾಗಿನ್ ಕ್ಯಾಪ್ಸೂಲ್ ಟವರ್ ಗೊತ್ತಿರಬಹುದು, ಕಿಶೊ ಕುರೊಕಾವಾ ಅವರ ವಿನ್ಯಾಸ, 1972ರಲ್ಲಿ ಮುಗಿಯಿತು. ಎರಡು ಕಾಂಕ್ರೀಟ್ ಗೋಪುರಗಳಿಗೆ 140 ಕ್ಯಾಪ್ಸೂಲ್‌ಗಳು, ಅಂದರೆ ಪುಟ್ಟ ಕೋಣೆಯಂಥ ಪೆಟ್ಟಿಗೆಗಳು, ಒಂದೊಂದಕ್ಕೆ ನಾಲ್ಕು ಬೋಲ್ಟ್. ಸುಮಾರು 25 ವರ್ಷಕ್ಕೊಮ್ಮೆ ಹಳೆಯದನ್ನು ತೆಗೆದು ಹೊಸದನ್ನು ಹಾಕುವ ಯೋಜನೆ. ಒಂದನ್ನೂ ಬದಲಿಸಲಿಲ್ಲ. ನಡುವಿನ ಒಂದನ್ನು ಹೊರಗೆ ತೆಗೆಯಬೇಕಾದರೆ ಅದರ ಮೇಲಿನವನ್ನೂ ತೆಗೆಯಬೇಕಿತ್ತು, ಅಷ್ಟು ಒತ್ತೊತ್ತಾಗಿ ಜೋಡಿಸಿದ್ದರು. 2022ರಲ್ಲಿ ಇಡೀ ಕಟ್ಟಡವನ್ನೇ ಕಳಚಿದರು. ಅದು ತುಂಬ ಸುಂದರವಾದ ಯೋಚನೆ ಅಂತ ಈಗಲೂ ನನಗೆ ಅನ್ನಿಸುತ್ತದೆ, ಅದಕ್ಕೇ ಬೇಜಾರು. ಕ್ಯಾಪ್ಸೂಲ್‌ಗೆ ಕೊಟ್ಟಷ್ಟು ಗಮನವನ್ನು ಅದು ಹೊರಗೆ ಬರುವ ದಾರಿಗೆ ಕೊಟ್ಟಿರಲಿಲ್ಲ.

ಕಂಟೇನರ್ ಗೆದ್ದದ್ದೂ ಅದರ ಎಂಟು ಮೂಲೆಗಳಿಂದ. ಯಾವ ಕಂಪನಿಯ ಪೆಟ್ಟಿಗೆಯಾದರೂ ಮೂಲೆಯ ರಂಧ್ರಗಳು ಇರಬೇಕಾದ ಕಡೆಯೇ ಇರುತ್ತವೆ. ಒಳಗೆ ಏನಿದೆ ಅಂತ ಕ್ರೇನ್‌ಗೆ ಗೊತ್ತಿರಬೇಕಿಲ್ಲ.

ಹಾಗಾಗಿ ಬೋಲ್ಟ್ ತೂತುಗಳನ್ನು ಈಗಲೇ ನಿಗದಿ ಮಾಡಿ. 598ರ ಮೇಲು ಹಲಗೆಯಲ್ಲಿ ಎಡ ಅಂಚಿನಿಂದ 149ಕ್ಕೆ ಒಂದು, 449ಕ್ಕೆ ಇನ್ನೊಂದು. ತಳದಲ್ಲೂ ಅಷ್ಟೇ. ಎರಡು ತೂತುಗಳ ನಡುವೆ ಸರಿಯಾಗಿ 300, ಅಂದರೆ ಅರ್ಧ ಹೆಜ್ಜೆ. ಪೆಟ್ಟಿಗೆಯನ್ನು ನೇರವಾಗಿ ಮೇಲಿಟ್ಟರೆ ಎರಡೂ ತೂತು ಸೇರುತ್ತವೆ. ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಸಿ ಎರಡು ಪೆಟ್ಟಿಗೆಗಳ ಮೇಲೆ ಕೂರಿಸಿದರೆ ಕೆಳಗಿನ ಒಂದೊಂದಕ್ಕೂ ಒಂದೊಂದು ತೂತು ಸೇರುತ್ತದೆ. ಎಡಬಲ ತಿರುಗಿಸಿದರೂ ವ್ಯತ್ಯಾಸ ಇಲ್ಲ. ಹೀಗೆ ಅರ್ಧರ್ಧ ಸರಿಸಿ ಕಟ್ಟುವುದರಿಂದ ನಿಮ್ಮ ಏಕತಾನದ ತೊಂದರೆಯೂ ಸ್ವಲ್ಪ ಕಡಿಮೆ ಆಗುತ್ತದೆ, ಸಾಲು ಗಟ್ಟಿಯೂ ಆಗುತ್ತದೆ. ಇಟ್ಟಿಗೆಯವರು ನಿಂತ ಸಂದುಗಳು ಒಂದರ ಮೇಲೊಂದು ಬರದಂತೆ ಕಟ್ಟುವುದೂ ಗಟ್ಟಿತನಕ್ಕೇ. ಎರಡೂ ಕಡೆ ತೆರೆದ ಪೆಟ್ಟಿಗೆ ಪಕ್ಕಕ್ಕೆ ವಾಲುತ್ತದೆ, ಕೆಲವಕ್ಕಾದರೂ ಹಿಂಬದಿ ಹಲಗೆ ಹಾಕಲೇಬೇಕು. ಗೋಡೆಗೆ ಒರಗಿರುವವನ್ನು ಗೋಡೆಗೆ ಬಿಗಿಯಿರಿ. ಮಕ್ಕಳು ಹತ್ತದೆ ಬಿಡುವುದಿಲ್ಲ.

ಸಾಲುಅಂತರ:

ನಾನು ಪುಟ ವಿನ್ಯಾಸದ ಕಡೆಯವಳು, ಫಲಕದ ಬಗ್ಗೆ ಹೇಳುತ್ತೇನೆ. ಮೊದಲು ಒಂದು ಒಳ್ಳೆಯ ಸುದ್ದಿ. ಎ1 ಹಾಳೆ 594 × 841. ಅಗಲ 594ಕ್ಕೆ 6 ಸಂದು ಸೇರಿಸಿದರೆ 600! ನಿಮ್ಮ ಪೆಟ್ಟಿಗೆಗಳ ಹೆಜ್ಜೆಯಲ್ಲೇ ಫಲಕಗಳೂ ಕೂರುತ್ತವೆ. ಒಂದು ಪೆಟ್ಟಿಗೆಯ ಮೇಲೆ ಒಂದು ಫಲಕ, ಅಂಚುಗಳು ಹೊಂದುತ್ತವೆ. ಎರಡು ಸಾಲು ಪೆಟ್ಟಿಗೆ ಇರುವ ಕಡೆ ತಳದ ಗೆರೆ 700, ಮೇಲಿನ ಗೆರೆ 1541. ಮಕ್ಕಳ ಕಣ್ಣಿಗೆ ಕೆಳಗಿನ ಅರ್ಧ ಹತ್ತಿರ, ಹಾಗಾಗಿ ಓದುವ ಬರಹ ಕೆಳಗೆ ಬರಲಿ, ದೂರದಿಂದ ನೋಡುವ ದೊಡ್ಡ ಚಿತ್ರ ಮೇಲೆ ಹೋಗಲಿ. ದೊಡ್ಡವರ ಫಲಕದಲ್ಲಿ ಇದರ ಉಲ್ಟಾ ಮಾಡುತ್ತೇವೆ.

ಫಲಕದ ಒಳಗೂ ಸಂದಿನಿಂದಲೇ ಶುರು ಮಾಡಿ. ಪುಟದಲ್ಲಿ ಸಂದು ಎಲ್ಲಿಂದ ಬರುತ್ತದೆ? ಸಾಲಿನ ಅಂತರದಿಂದ. ಬರಹ 24 ಪಾಯಿಂಟ್ ಇದ್ದರೆ ಸಾಲಿನಿಂದ ಸಾಲಿಗೆ 34 ಪಾಯಿಂಟ್ ಕೊಡಿ. ಇಂಗ್ಲಿಷ್ ಬರಹಕ್ಕೆ ಇದು ಜಾಸ್ತಿ ಅನ್ನಿಸಬಹುದು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಮುಂದಿನ ಸಾಲಿನ ಗುಡಿಸು ಮೇಲೆ ಏರುತ್ತದೆ, ಬಿಗಿ ಮಾಡಿದರೆ ಎರಡೂ ಡಿಕ್ಕಿ ಹೊಡೆಯುತ್ತವೆ. 34 ಪಾಯಿಂಟ್ ಅಂದರೆ ಹತ್ತಿರ ಹತ್ತಿರ 12 ಮಿಲಿಮೀಟರ್. ಇದೇ ನಿಮ್ಮ ಸಂದು. ಈಗ ಅಗಲವನ್ನು ಹಂಚಿ: 80ರ ಆರು ಕಾಲಂ 480, ನಡುವೆ 12ರ ಐದು ಸಂದು 60, ಉಳಿದ 54ರಲ್ಲಿ ಎರಡೂ ಬದಿಗೆ 27 ಮಾರ್ಜಿನ್. ಒಟ್ಟು 594. ಎತ್ತರದಲ್ಲಿ ಆರು ಸಾಲಿಗೆ ಒಂದು ಬ್ಲಾಕ್, ಅಂದರೆ 72, ಆಮೇಲೆ ಒಂದು ಸಾಲು ಖಾಲಿ. ಇಂಥ ಒಂಬತ್ತು ಬ್ಲಾಕ್‌ಗೆ, ನಡುವಿನ ಎಂಟು ಖಾಲಿ ಸಾಲು ಸೇರಿ, 744. ಉಳಿದ 97ರಲ್ಲಿ ಮೇಲೆ 37, ಕೆಳಗೆ 60 ಬಿಡಿ.

ಒಂದು ಸೂಕ್ಷ್ಮ ಇದೆ. ಚಿತ್ರದ ಪಕ್ಕ ಬರಹ ಬಂದಾಗ ಚಿತ್ರದ ಮೇಲಂಚು ಮೊದಲ ಸಾಲಿನ ತಲೆಕಟ್ಟಿಗೆ ಸಮ ಇರಬೇಕು. ಗುಡಿಸಿನ ತುದಿಗೂ ಅಲ್ಲ, ಬರಹದ ಚೌಕಟ್ಟಿನ ಅಂಚಿಗೂ ಅಲ್ಲ. ಸಾಫ್ಟ್‌ವೇರ್ ಚೌಕಟ್ಟಿಗೆ ಸಮ ಮಾಡಿಬಿಡುತ್ತದೆ, ಆಗ ಚಿತ್ರ ಸ್ವಲ್ಪ ಮೇಲೆ ತೇಲಿದ ಹಾಗೆ ಕಾಣುತ್ತದೆ. ಕೈಯಿಂದ ಸರಿಸಿ. ತಲೆಕಟ್ಟು ಸಾಲಿನುದ್ದಕ್ಕೂ ಮತ್ತೆ ಮತ್ತೆ ಬರುವುದರಿಂದ ಕಣ್ಣು ಅದನ್ನೇ ಗೆರೆ ಅಂತ ಓದುತ್ತದೆ.

ಈಗ ಗೋದಾಮಿನ ಪ್ರಶ್ನೆ. ಚೌಕಮನೆಯವರೇ, ಒಂದು ಬ್ಲಾಕ್‌ಗೆ ಒಂದು ವಸ್ತು ಅಂತ ಇಟ್ಟರೆ ಅದು ಪಟ್ಟಿಯಾಗುತ್ತದೆ, ವಿನ್ಯಾಸ ಆಗುವುದಿಲ್ಲ. ಆರು ಕಾಲಂ, ಒಂಬತ್ತು ಸಾಲು ಅಂದರೆ 54 ಬ್ಲಾಕ್. ಒಂದು ಚಿತ್ರಕ್ಕೆ ಆರು ಅಗಲ ನಾಲ್ಕು ಎತ್ತರ, ಅಂದರೆ 24 ಬ್ಲಾಕ್ ಕೊಟ್ಟುಬಿಡಿ. ಬರಹಕ್ಕೆ ನಾಲ್ಕು ಅಗಲ ಮೂರು ಎತ್ತರ. ಚಿಕ್ಕ ಚಿತ್ರಕ್ಕೆ ಒಂದೇ ಒಂದು. ಉಳಿದದ್ದರಲ್ಲಿ ಬಹುಪಾಲು ಖಾಲಿ ಇರಲಿ, ಅದೂ ಅಲ್ಲೊಂದು ಇಲ್ಲೊಂದು ಅಲ್ಲ, ಒಂದೇ ಕಡೆ ಸೇರಿದ ಖಾಲಿ. ಗಾರೆಗೂಡು ಅವರು 540ರ ಬಗ್ಗೆ ಹೇಳಿದ್ದು ಇಲ್ಲಿಗೂ ಸರಿಹೋಗುತ್ತದೆ. ದೊಡ್ಡದಕ್ಕೂ ಚಿಕ್ಕದಕ್ಕೂ ವ್ಯತ್ಯಾಸ ಧೈರ್ಯವಾಗಿ ಇರಬೇಕು. ಎರಡಕ್ಕೆ ಮೂರು ಅಂದರೆ ಯಾರಿಗೂ ಗೊತ್ತಾಗುವುದಿಲ್ಲ.

ಸ್ವಿಸ್ ವಿನ್ಯಾಸಕಾರ ಯೋಸೆಫ್ ಮ್ಯೂಲರ್-ಬ್ರೋಕ್‌ಮನ್ ಗ್ರಿಡ್‌ನ ಕಟ್ಟಾ ಶಿಸ್ತಿನವರು. ಅವರ 1955ರ ಬೀಥೋವನ್ ಪೋಸ್ಟರ್ ನೋಡಿ. ಅದರ ಕಮಾನುಗಳ ದಪ್ಪ ಒಂದರಿಂದ ಇನ್ನೊಂದಕ್ಕೆ ಎರಡರಷ್ಟಾಗುತ್ತಾ ಹೋಗುತ್ತದೆ. ಎಲ್ಲಾ ಲೆಕ್ಕವೇ, ಆದರೂ ತಿರುಗುತ್ತಿರುವಂತೆ ಕಾಣುತ್ತದೆ. ಒಂದೇ ಅಳತೆಯನ್ನು ಸಾಲಾಗಿ ಕೂಡಿಸುವ ಬದಲು ಗುಣಿಸಿದ್ದರಿಂದ ಆ ವೇಗ ಬಂದಿದೆ.

ಕಟ್ಟಡದಲ್ಲಿ ಮಾಂಟ್ರಿಯಲ್‌ನ ಹ್ಯಾಬಿಟಾಟ್ 67 ಇದಕ್ಕೆ ಒಳ್ಳೆಯ ಉದಾಹರಣೆ. ಮೋಶೆ ಸಫ್ದಿ 1967ರ ವಸ್ತುಪ್ರದರ್ಶನಕ್ಕೆ ಮಾಡಿದ್ದು. ಒಂದೇ ಥರದ 354 ಕಾಂಕ್ರೀಟ್ ಪೆಟ್ಟಿಗೆಗಳು, ಆದರೆ ಒಂದು ಹಿಂದೆ ಸರಿದಿದೆ, ಇನ್ನೊಂದು ಮುಂದೆ ಬಂದಿದೆ, ಕೆಳಗಿನ ಮನೆಯ ಛಾವಣಿಯೇ ಮೇಲಿನ ಮನೆಯ ತೋಟ. ಪೆಟ್ಟಿಗೆಯ ಆಕಾರವನ್ನು ಅವರು ಬದಲಿಸಲೇ ಇಲ್ಲ, ಖಾಲಿ ಜಾಗಗಳನ್ನು ವಿನ್ಯಾಸ ಮಾಡಿದರು. ನಿಮ್ಮ ಗೋಡೆಯಲ್ಲೂ ಪೆಟ್ಟಿಗೆಗಳನ್ನು ಬಿಡಿಸುವ ಬದಲು ಖಾಲಿ ಜಾಗಗಳಿಗೆ ಕಪ್ಪು ತುಂಬಿ ನೋಡಿ. ಕಪ್ಪು ಆಕಾರ ಚೆನ್ನಾಗಿ ಕಂಡರೆ ಗೋಡೆಯೂ ಚೆನ್ನಾಗಿರುತ್ತದೆ.

ಚೌಕಮನೆ:

ತುಂಬಾ ಧನ್ಯವಾದ, ಮೂರೂ ಜನಕ್ಕೆ. ಎ4 ಪುಸ್ತಕದ ಮಾತು ಓದಿ ಕೂಡಲೇ ಹೋಗಿ ಪುಸ್ತಕಗಳನ್ನು ಅಳೆದೆವು. ನಿಜ, ಮೂರರಲ್ಲಿ ಒಂದು ಭಾಗ ಅಡ್ಡ ಮಲಗಿಸಬೇಕಾಗುತ್ತಿತ್ತು. 600 ಹೆಜ್ಜೆ, 350 ಎತ್ತರ ಅಂತ ಗಟ್ಟಿ ಮಾಡಿದ್ದೇವೆ. 540 ಕಿಟಕಿಯ ಪಕ್ಕಕ್ಕೆ. ಖಾಲಿ ಜಾಗಕ್ಕೆ ಕಪ್ಪು ತುಂಬಿ ನೋಡಿದಾಗ ಹಳೆಯ ನಕ್ಷೆ ಎಷ್ಟು ಮಂಕಾಗಿತ್ತು ಅಂತ ಎದ್ದು ಕಂಡಿತು, ಕಪ್ಪೆಲ್ಲ ಸಣ್ಣ ಸಣ್ಣ ಚೂರುಗಳು. ಈಗ ಎಡಗಡೆ ಮೂರು ಎತ್ತರ, ನಡುವೆ ಅರ್ಧ ಸರಿಸಿದ ಎರಡು, ಆಮೇಲೆ ಒಂದೇ ಒಂದು ಸಾಲಿನ ಉದ್ದನೆಯ ಬೆಂಚು ಅಂತ ಇಳಿಯುತ್ತಾ ಹೋಗುತ್ತದೆ. ಬೆಂಚಿನ ಮೇಲಿನ ಗೋಡೆ ಪೂರ್ತಿ ಖಾಲಿ. ಫಲಕಗಳು ಎರಡರ ಸಾಲಿನ ಮೇಲೆ ಮಾತ್ರ.

ಕೊನೆಯ ಪ್ರಶ್ನೆ. ನಡೆಯುವ ದಾರಿಯೂ 600ರ ಲೆಕ್ಕದಲ್ಲೇ ಇರಬೇಕಾ? ಎರಡು ಉದ್ದ ಗೋಡೆಗಳಿಗೂ ಒಂದೊಂದು ಸಾಲು ಪೆಟ್ಟಿಗೆ, ನಡುವೆ ಭಾಗ ಮಾಡುವ ಒಂದು ಸಾಲು. 4740ರಲ್ಲಿ ಮೂರು ಸಾಲಿಗೆ 900 ಹೋದರೆ 3840. ಎರಡು ದಾರಿಗೆ ತಲಾ 1920. ಇದನ್ನು 1800ಕ್ಕೆ ಇಳಿಸಿ ಗ್ರಿಡ್‌ಗೆ ಕೂರಿಸೋಣವೇ?

ಗಾರೆಗೂಡು:

ಇಳಿಸಬೇಡಿ. ಇಳಿಸಿದರೆ ಆ 240 ಎಲ್ಲಿಗೆ ಹೋಗುತ್ತದೆ? ಮತ್ತೆ ಯಾವುದೋ ಗೋಡೆಯ ಹಿಂದೆ ಸಂದಾಗಿ ಕೂರುತ್ತದೆ. ಪೆಟ್ಟಿಗೆಗಳು ಒಂದಕ್ಕೊಂದು ಸೇರಬೇಕು, ಅದಕ್ಕೇ ಅವಕ್ಕೆ ಗ್ರಿಡ್. ದಾರಿ ಯಾವುದಕ್ಕೂ ಸೇರಬೇಕಿಲ್ಲ, ಜನ ನಡೆಯುವಷ್ಟು ಇದ್ದರೆ ಸಾಕು. ಗಾರೆಯ ಹೆಚ್ಚುಕಡಿಮೆ, ಅಳತೆಯ ಹೆಚ್ಚುಕಡಿಮೆ ಎಲ್ಲಾ ದಾರಿಯೇ ನುಂಗಿಕೊಳ್ಳಲಿ. 1920 ಇದ್ದದ್ದು 1912 ಆದರೆ ನಡೆಯುವವರಿಗೆ ತಿಳಿಯುವುದೂ ಇಲ್ಲ.

ಎರಡೂ ದಾರಿ ಸಮ ಇರಬೇಕು ಅಂತಲೂ ಇಲ್ಲ. ನಡುವಿನ ಸಾಲನ್ನು ಒಂದು ಕಡೆ ಸರಿಸಿ, 1320 ಮತ್ತು 2520 ಮಾಡಿ ನೋಡಿ. ಚಿಕ್ಕದು ಪುಸ್ತಕ ಹುಡುಕುವ ದಾರಿ, ದೊಡ್ಡದರಲ್ಲಿ ನೆಲದ ಮೇಲೆ ಗುಂಪಾಗಿ ಕೂತು ಕಥೆ ಕೇಳಬಹುದು. ಸರಿಸಿದ್ದು ಸರಿಯಾಗಿ ಒಂದು ಹೆಜ್ಜೆ, 600. ಗಾಲಿಕುರ್ಚಿ ತಿರುಗಲು 1500 ವ್ಯಾಸದ ವೃತ್ತದಷ್ಟು ಜಾಗ ಬೇಕು ಅಂತ ಲೆಕ್ಕ ಹಾಕುತ್ತೇವೆ. ಚಿಕ್ಕ ದಾರಿಯಲ್ಲಿ ಅದು ಆಗುವುದಿಲ್ಲ, ಆದ್ದರಿಂದ ನಡುವಿನ ಸಾಲನ್ನು ಗೋಡೆಯವರೆಗೆ ಒಯ್ಯಬೇಡಿ. ಎರಡೂ ತುದಿಯಲ್ಲಿ 1500ಕ್ಕಿಂತ ಜಾಸ್ತಿ ಬಿಡಿ. 6 ಪೆಟ್ಟಿಗೆ ಇಟ್ಟರೆ 3600, ಉಳಿಯುವ 3540ರಲ್ಲಿ ತುದಿಗೆ ತಲಾ 1770 ಸಿಗುತ್ತದೆ.

ಹಲಗೆ ಕೊಯ್ಯುವ ಮೊದಲು ನೆಲಕ್ಕೆ ಟೇಪ್ ಅಂಟಿಸಿ ಇಷ್ಟನ್ನೂ ಗುರುತು ಮಾಡಿ, ಮಕ್ಕಳನ್ನು ಒಮ್ಮೆ ಒಳಗೆ ಬಿಡಿ. ಅವರು ಟೇಪ್ ದಾಟಿ ಅಡ್ಡ ಓಡುವ ಕಡೆ ನಡುವಿನ ಸಾಲಿನಿಂದ ಒಂದು ಪೆಟ್ಟಿಗೆ ತೆಗೆದರೆ 600ರ ಸಂದಿ ಸಿಗುತ್ತದೆ, ಎರಡು ತೆಗೆದರೆ 1200. ಮಕ್ಕಳಿಗೆ ಮಾತ್ರ ಸಾಕಾದರೆ ಒಂದು, ಗಾಲಿಕುರ್ಚಿಯೂ ಹೋಗಬೇಕಾದರೆ ಎರಡು ತೆಗೆಯಿರಿ.